ಕರೆಂಟಿಗೂ ತಾರೀಖಿಗೂ ಏನು ಸಂಬಂಧ?

ಕೊಳವೆ ಬಾವಿಯನ್ನೇ ನೆಚ್ಚಿದ ಬೆಳೆಗಾರನಿಗೆ ಕರೆಂಟು ಬರುವ ಹೊತ್ತೇ ಪಂಚಾಂಗ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಪ್ಪುನೇರಳೆಯಾಗಲಿ, ದ್ರಾಕ್ಷಿಯಾಗಲಿ, ಪಂಪು ತಿರುಗಿದರೆ ಮಾತ್ರ ಹಸಿರು. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ತುಂತುರು ನೀರು ಕೊಡುವವರಿಗೂ, ಬೇಸಿಗೆಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳುವವರಿಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ 1999ರಲ್ಲಿ ಎದ್ದ ಪ್ರಶ್ನೆಯೊಂದನ್ನು ಇಂದು ಮತ್ತೆ ನೆನೆಯುವುದು ಉಚಿತ. ತಾರೀಖು ಬದಲಾದ ಮಾತ್ರಕ್ಕೆ ವಿದ್ಯುತ್ ನಿಂತೀತೇ?

ಹಳೆಯ ಗಣಕಯಂತ್ರಗಳಲ್ಲಿ ಜಾಗ ಉಳಿಸಲು ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುತ್ತಿದ್ದರು. 99 ಆದ ಮೇಲೆ 00 ಬಂದರೆ ಯಂತ್ರ ಅದನ್ನು 1900 ಎಂದು ತಿಳಿಯುವ ಸಂಭವವಿತ್ತು. ಇದಕ್ಕೇ ‘ವೈ ಟು ಕೆ’ ದೋಷವೆಂದು ಹೆಸರಾಯಿತು. ಬಡ್ಡಿ ಲೆಕ್ಕದಲ್ಲಿ ಇಂತಹ ತಪ್ಪಾದರೆ ತಿದ್ದಬಹುದು. ವಿದ್ಯುತ್ ಜಾಲದ ಮಾತು ಬೇರೆ. ಅಲ್ಲಿ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ಸರಿತೂಗಬೇಕು. ಹಲವು ಯಂತ್ರಗಳು ಒಂದೇ ಗಳಿಗೆಯಲ್ಲಿ ನಿಂತರೆ ಉಳಿದವುಗಳ ಮೇಲೆ ಭಾರ ಬಿದ್ದು, ಅವೂ ಒಂದೊಂದಾಗಿ ಕಳಚಿಕೊಳ್ಳುತ್ತವೆ. ನಡುರಾತ್ರಿ ಎಲ್ಲ ಯಂತ್ರಗಳಿಗೂ ಏಕಕಾಲಕ್ಕೆ ಬರುವುದೇ ಅಂದಿನ ಭಯದ ಮೂಲ.

ಅದೇ 1999ರಲ್ಲಿ ನಮ್ಮ ವಿದ್ಯುಚ್ಛಕ್ತಿ ಮಂಡಳಿಯು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವಾಗಿ ಬದಲಾಗಿತ್ತು. ಈ ನಾಲ್ಕೂ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ಡಿಸೆಂಬರ್ 31ರಂದು ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂವರೆಯಾದಾಗ ನ್ಯೂಜಿಲೆಂಡಿನಲ್ಲಿ ಹೊಸ ವರ್ಷ ಹುಟ್ಟಿತು. ಅಲ್ಲಿ ದೀಪ ಆರಲಿಲ್ಲ. ರಾತ್ರಿ ಎಂಟೂವರೆಗೆ ಜಪಾನಿನ ಸರದಿ. ಅಲ್ಲಿನ ಇಶಿಕಾವಾ ಪ್ರಾಂತದ ಅಣು ವಿದ್ಯುತ್ ಸ್ಥಾವರದಲ್ಲಿ ವಿಕಿರಣ ಅಳೆಯುವ ವ್ಯವಸ್ಥೆ ಕೈಕೊಟ್ಟಿತಾದರೂ ವಿದ್ಯುತ್ ನಿಲ್ಲಲಿಲ್ಲ. ನಮ್ಮ ದೇಶದಲ್ಲಿಯೂ ಈ ದೋಷದಿಂದ ಜಾಲ ಕುಸಿಯಲಿಲ್ಲ.

ಹಾಗಾದರೆ ಅಷ್ಟೆಲ್ಲ ಸಿದ್ಧತೆ ವ್ಯರ್ಥವೇ? ಅಲ್ಲ. ಗಣಕಯಂತ್ರ ಇದ್ದ ಕಡೆ ಮೊದಲೇ ಪರೀಕ್ಷಿಸಿ ತಿದ್ದಿದ್ದರು. ಅಮೆರಿಕದ ವಿದ್ಯುತ್ ಸಂಸ್ಥೆಗಳು 1999ರ ಏಪ್ರಿಲ್ 9ರಂದು, ಸಂಪರ್ಕ ಸಾಧನಗಳು ಕೆಟ್ಟಿವೆಯೆಂದೇ ಭಾವಿಸಿ ಜಾಲ ನಡೆಸುವ ತಾಲೀಮು ಮಾಡಿದವು; ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಮಾಡಿದವು. ಇನ್ನೊಂದು ಕಾರಣವೂ ಉಂಟು. ತಿರುಗುವ ತಟ್ಟೆಯ ಹಳೆಯ ಮೀಟರಿಗೆ, ಸುರುಳಿ ಮತ್ತು ಸಂಪರ್ಕ ಕಡ್ಡಿಗಳಿಂದ ನಡೆಯುವ ರಿಲೇಗೆ, ಟ್ರಾನ್ಸ್‌ಫಾರ್ಮರಿಗೆ ತಾರೀಖೇ ಬೇಕಿಲ್ಲ. ಇಸವಿಯನ್ನೇ ಅರಿಯದ ಯಂತ್ರ ಇಸವಿಯಲ್ಲಿ ತಪ್ಪುವುದು ಹೇಗೆ?

ಇಂದು ಆ ಆಸರೆ ಕಡಿಮೆಯಾಗುತ್ತಿದೆ. ಸ್ಮಾರ್ಟ್ ಮೀಟರು, ಮೊಬೈಲಿನಿಂದ ನಡೆಯುವ ಸ್ಟಾರ್ಟರು, ಹನಿ ನೀರಾವರಿಯ ಟೈಮರು ಇವೆಲ್ಲ ಗಡಿಯಾರವುಳ್ಳವು. ಮುಂದಿನ ಗಡುವೂ ಗೊತ್ತಾಗಿದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿರುವ ಹಳೆಯ ಮಾದರಿಯ ಗಣಕಗಳ ಎಣಿಕೆ, 2038ರ ಜನವರಿ 19ರಂದು ನಮ್ಮ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ ತುಂಬಿಹೋಗುತ್ತದೆ. ಇಂದು ನೆಟ್ಟ ಅಡಿಕೆ ಸಸಿ ಅಂದು ಫಸಲು ಕೊಡುತ್ತಿರುತ್ತದೆ. ಇದು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ.

ಸದಸ್ಯರು ಈಗಲೇ ಮಾಡಬಹುದಾದದ್ದು ಇಷ್ಟು. ಹೊಸ ಸ್ಟಾರ್ಟರು ಅಥವಾ ಟೈಮರು ಕೊಳ್ಳುವಾಗ, ತಾರೀಖು ತಪ್ಪಿದರೂ ಕೈಯಿಂದ ಪಂಪು ಹಾಕಲು ಗುಂಡಿ ಇದೆಯೇ ಎಂದು ಕೇಳಿರಿ. 2038ರ ನಂತರವೂ ನಡೆಯುವುದೇ ಎಂದು ಮಾರುವವರಿಂದ ಬರಹದಲ್ಲಿ ಪಡೆಯಿರಿ. ಮೀಟರಿನ ಅಂಕಿಯನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದಿಡಿರಿ. ಸಂಘದ ಸಾಲದ ಲೆಕ್ಕವೂ ಗಣಕದಲ್ಲಿರುವುದರಿಂದ, ವರ್ಷಕ್ಕೊಮ್ಮೆ ನಿಮ್ಮ ಬಾಕಿಯ ಮುದ್ರಿತ ಪ್ರತಿಯನ್ನು ಕೇಳಿ ಪಡೆಯಿರಿ.

1999ರಲ್ಲಿ ದೀಪ ಉರಿದದ್ದು ಅದೃಷ್ಟದಿಂದ ಮಾತ್ರವಲ್ಲ. ಮೊದಲೇ ಕೇಳಿದವರಿದ್ದರು, ಮೊದಲೇ ತಿದ್ದಿದವರಿದ್ದರು.