ನಡೆಯುವ ಮರಳುಗುಡ್ಡ

ಗುಡ್ಡವೆಂದರೆ ಅಚಲವಾದುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಕ್ಷಿಣ ದಂಡೆಯಲ್ಲಿರುವ ಮೌಂಟ್ ಬಾಲ್ಡಿ ಇದಕ್ಕೆ ಅಪವಾದ. ಸುಮಾರು 126 ಅಡಿ ಎತ್ತರದ ಈ ಮರಳುಗುಡ್ಡ ವರ್ಷಕ್ಕೆ ಸರಾಸರಿ 4 ಅಡಿಯಷ್ಟು ಒಳನಾಡಿನತ್ತ ಸರಿಯುತ್ತಿದೆ.

ಸರೋವರದ ಮೇಲಿಂದ ಬೀಸುವ ವಾಯವ್ಯ ಮಾರುತವು ದಡದ ಒಣಮರಳನ್ನು ಎಬ್ಬಿಸುತ್ತದೆ. ಕಣಗಳು ಬಹಳ ಎತ್ತರಕ್ಕೇನೂ ಹಾರುವುದಿಲ್ಲ. ಕುಪ್ಪಳಿಸುತ್ತ, ಬಿದ್ದಲ್ಲಿ ಬೇರೆ ಕಣಗಳನ್ನು ಚಿಮ್ಮಿಸುತ್ತ, ಗಾಳಿಗೆದುರಾದ ಇಳಿಜಾರನ್ನು ಏರುತ್ತವೆ. ನೆತ್ತಿ ದಾಟಿದೊಡನೆ ಹಿಂಬದಿಯ ಕಡಿದಾದ ಮಗ್ಗುಲಲ್ಲಿ ಜಾರಿ ನಿಲ್ಲುತ್ತವೆ. ಹೀಗೆ ಮುಂದೆ ಸವೆದು ಹಿಂದೆ ಬೆಳೆಯುತ್ತ ಗುಡ್ಡವೇ ಮುನ್ನಡೆಯುತ್ತದೆ. ನಮ್ಮ ತಲಕಾಡಿನ ಗುಡಿಗಳನ್ನು ಮುಚ್ಚಿದ್ದೂ ಗಾಳಿ ಹೊತ್ತು ತಂದ ಕಾವೇರಿಯ ಮರಳೇ ಅಲ್ಲವೇ?

ಈ ನಡಿಗೆಗೆ ಕಡಿವಾಣ ಹಾಕುವುದು ಮಾರಮ್ ಎಂಬ ಹುಲ್ಲು. ಮರಳು ಮುಚ್ಚಿದಷ್ಟೂ ಅದು ಮೇಲಕ್ಕೆ ಚಿಗುರಿ, ಬೇರಿನ ಬಲೆಯಿಂದ ಕಣಗಳನ್ನು ಹಿಡಿದಿಡುತ್ತದೆ. ಹುಲ್ಲಿನ ಹಿಂದೆ ಪೊದೆ, ಪೊದೆಯ ಹಿಂದೆ ಕಾಡು ಬರುವ ಕ್ರಮವನ್ನು ಹೆನ್ರಿ ಕೌಲ್ಸ್ ಎಂಬ ಸಸ್ಯಶಾಸ್ತ್ರಜ್ಞರು 1899ರಲ್ಲಿಯೇ ಇದೇ ಸರೋವರದ ದಿಬ್ಬಗಳಲ್ಲಿ ಗುರುತಿಸಿದರು. ಆದರೆ ಜನರ ಕಾಲ್ತುಳಿತಕ್ಕೆ ಈ ಹುಲ್ಲು ತಾಳದು. ಹುಲ್ಲು ಸತ್ತ ಜಾಗದಲ್ಲಿ ಗಾಳಿ ಮರಳನ್ನು ಬಗೆದು ಹಳ್ಳ ಮಾಡುತ್ತದೆ.

ಅಲೆಗಳದು ಇನ್ನೊಂದು ಕಥೆ. ದಡದಗುಂಟ ಸಾಗಿಬರುವ ಮರಳನ್ನು ಸಮೀಪದ ಮಿಷಿಗನ್ ಸಿಟಿ ಬಂದರಿನ ಗೋಡೆಗಳು ತಡೆದಿವೆ. ಬ್ಯಾಂಕಿನವರಾದ ನಮ್ಮ ಮಾತಿನಲ್ಲಿ ಹೇಳುವುದಾದರೆ, ಜಮೆ ಕುಸಿದು ಖರ್ಚು ಮಾತ್ರ ಮುಂದುವರಿದ ಖಾತೆಯಿದು. ಬುಡವನ್ನು ಅಲೆಗಳು ಕೊರೆಯುತ್ತಿರುವುದರಿಂದ ಹೊರಗಿನಿಂದ ಮರಳು ತಂದು ದಡಕ್ಕೆ ಸುರಿಯಬೇಕಾಗಿ ಬಂದಿದೆ.

ಸರಿಯುವ ಗುಡ್ಡ ತನ್ನ ದಾರಿಯ ಓಕ್ ಮರಗಳನ್ನು ನಿಂತಲ್ಲೇ ನುಂಗಿತ್ತು. ಒಳಗೆ ಮರ ಕೊಳೆತರೂ ಅದರ ಸುತ್ತಲಿನ ಮರಳು ಗಟ್ಟಿಯಾಗಿ, ಕೊಳವೆಯಂಥ ಪೊಳ್ಳು ಉಳಿದುಬಿಡುತ್ತದೆ. 2013ರ ಜುಲೈನಲ್ಲಿ ಆರು ವರ್ಷದ ಬಾಲಕನೊಬ್ಬ ಇಂಥ ಪೊಳ್ಳಿಗೆ ಬಿದ್ದು ಮರಳಿನಡಿ ಹೂತುಹೋದನು. ಮೂರು ಗಂಟೆಗೂ ಹೆಚ್ಚು ಕಾಲ ಅಗೆದು, ಸುಮಾರು 11 ಅಡಿ ಆಳದಿಂದ ಅವನನ್ನು ಮೇಲೆತ್ತಲಾಯಿತು. ಬಾಲಕ ಬದುಕಿದನು. ಆ ಮೇಲೆಯೇ ವಿಜ್ಞಾನಿಗಳು ಈ ಪೊಳ್ಳುಗಳ ಮೂಲವನ್ನು ಪತ್ತೆಹಚ್ಚಿದ್ದು. ಅದುವರೆಗೆ ಒಣಮರಳಿನಲ್ಲಿ ಬಿಲ ನಿಲ್ಲುವುದು ಸಾಧ್ಯವೇ ಇಲ್ಲವೆಂದು ಬಲ್ಲವರೂ ನಂಬಿದ್ದರು.