ದೀರ್ಘಾಯುಷ್ಯವೂ ನಮ್ಮ ಹೊಣೆಯೂ



ನಮಸ್ಕರಿಸಿದ ಕಿರಿಯರನ್ನು ‘ಶತಾಯುಷಿಯಾಗು’ ಎಂದು ಹರಸುವುದು ನಮ್ಮಲ್ಲಿ ರೂಢಿ. ಹಾಗೆ ಹರಸುವ ಹಿರಿಯರು ತಮಗಾಗಿ ದೇವರಲ್ಲಿ ಬೇಡುವುದು ಮಾತ್ರ ಅನಾಯಾಸ ಮರಣವನ್ನು. ಈ ಎರಡು ಬಯಕೆಗಳನ್ನು ಒಟ್ಟಿಗೆ ಈಡೇರಿಸುವುದು ಹೇಗೆಂಬುದು ಇಂದು ವೈದ್ಯರನ್ನೂ ಕುಟುಂಬಗಳನ್ನೂ ಸಮಾನವಾಗಿ ಕಾಡುತ್ತಿರುವ ಪ್ರಶ್ನೆ.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು 70ರ ಆಸುಪಾಸು. ಅಂದು ಎಲ್ಲರೂ 32ಕ್ಕೇ ತೀರಿಕೊಳ್ಳುತ್ತಿದ್ದರೆಂದು ಇದರ ಅರ್ಥವಲ್ಲ. ಶಿಶುಮರಣ, ಮಲೇರಿಯ, ಸಿಡುಬು, ಕ್ಷಯಗಳು ಸರಾಸರಿಯನ್ನು ತಗ್ಗಿಸಿದ್ದವು. ಲಸಿಕೆ, ಶುದ್ಧ ನೀರು, ಆಂಟಿಬಯಾಟಿಕ್‌ಗಳು ಗಳಿಸಿಕೊಟ್ಟ ವರ್ಷಗಳ ಬಗ್ಗೆ ಯಾರ ತಕರಾರೂ ಇಲ್ಲ. ತೊಡಕು ಹುಟ್ಟಿದ್ದು ಕೃತಕ ಉಸಿರಾಟದ ಯಂತ್ರದಂಥ ಸಾಧನಗಳು ಬಂದ ಮೇಲೆ. ಚೇತರಿಸಿಕೊಳ್ಳಬಲ್ಲ ರೋಗಿಗೆ ಅವು ವರ. ಚೇತರಿಕೆಯ ಆಸೆಯೇ ಇಲ್ಲದವರಿಗೆ ಅವು ಕೊನೆಯ ವೇದನೆಯನ್ನಷ್ಟೇ ಲಂಬಿಸಬಹುದು.

ಹಾಗಾದರೆ ‘ಇನ್ನು ಸಾಕು’ ಎನ್ನುವ ಅಧಿಕಾರ ಯಾರದು? ನಾವು ನೆಲೆಸಿರುವ ಅಮೆರಿಕದಲ್ಲಿ, 1976ರ ಕ್ವಿನ್ಲನ್ ಪ್ರಕರಣದಲ್ಲಿ, ಪ್ರಜ್ಞೆಯಿಲ್ಲದ ಮಗಳ ಪರವಾಗಿ ತಂದೆ ನಿರ್ಧರಿಸಬಹುದೆಂದು ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪ್ರಜ್ಞೆ ಇರುವಾಗಲೇ ಚಿಕಿತ್ಸೆಯ ಬಗೆಗಿನ ಇಚ್ಛೆಯನ್ನು ಬರೆದಿಡುವ ಹಕ್ಕನ್ನು ಆಸ್ಪತ್ರೆಗಳು ರೋಗಿಗೆ ತಿಳಿಸಬೇಕೆಂದು 1990ರ ಕಾಯಿದೆ ವಿಧಿಸಿತು. ಭಾರತದ ಸುಪ್ರೀಂ ಕೋರ್ಟು ಅಂಥ ಇಚ್ಛಾಪತ್ರಕ್ಕೆ 2018ರಲ್ಲಿ ಮನ್ನಣೆ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಇದ್ದರೆ ಪತ್ರ ಸಿಂಧು. ಅದನ್ನು ಜಾರಿಗೊಳಿಸುವ ಮುನ್ನ ಎರಡು ವೈದ್ಯಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿತು. ಇದು ಮದ್ದು ಕೊಟ್ಟು ಪ್ರಾಣ ತೆಗೆಯುವ ಕ್ರಮವಲ್ಲ. ನಿಷ್ಫಲವಾದ ಚಿಕಿತ್ಸೆ ನಿಲ್ಲುತ್ತದೆ. ನೋವು ಶಮನದ ಆರೈಕೆ ಕೊನೆಯವರೆಗೂ ನಡೆಯುತ್ತದೆ.

ಆದರೆ ಕಾಗದಕ್ಕಿಂತ ಮೊದಲು ಬೇಕಾದದ್ದು ಮಾತು. ನಡುರಾತ್ರಿ ಊರಿನಿಂದ ಫೋನ್ ಬರುತ್ತದೆ: “ಅಣ್ಣಾ, ಡಾಕ್ಟರು ಕೇಳ್ತಿದ್ದಾರೆ, ಏನು ಹೇಳಲಿ?” “ಏನಾದರೂ ಮಾಡಿ, ನಾನು ಬರುವ ತನಕ ಉಳಿಸಿ” ಎನ್ನುತ್ತೇವೆ. ಅದರಲ್ಲಿ ಪ್ರೀತಿಯಿದೆ, ದೂರವಿದ್ದುಬಿಟ್ಟೆವಲ್ಲಾ ಎಂಬ ಅಳುಕೂ ಇದೆ. ವೈದ್ಯರಾದ ನಾವೂ ನಮ್ಮ ತೀರ್ಥರೂಪರ ವಿಷಯದಲ್ಲಿ ಹೀಗೆಯೇ ಹೇಳಿದೆವು. ಹನ್ನೊಂದು ದಿನ ಅವರು ಯಂತ್ರದ ಮೇಲಿದ್ದರು. ಅವರಿಗೇನು ಬೇಕಿತ್ತೆಂದು ನಾವು ಎಂದೂ ಕೇಳಿರಲಿಲ್ಲ. ಪಕ್ಕದಲ್ಲಿ ಕುಳಿತು ಆ ಭಾರವನ್ನು ಹೊತ್ತವಳು ನಮ್ಮ ತಂಗಿ.

ಸಾವಿನ ಮಾತು ಅಶುಭವೆಂಬ ಸಂಕೋಚವನ್ನು ಬದಿಗಿಟ್ಟು, ಮುಂದಿನ ಸಲ ಊರಿಗೆ ಹೋದಾಗ ತಂದೆತಾಯಿಯರನ್ನು ಕೇಳೋಣ. ಹಾಗೆಯೇ ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ನಮ್ಮ ಇಚ್ಛೆಯನ್ನೂ ತಿಳಿಸೋಣ. ನಾಳೆ ಆ ಫೋನ್ ಬರುವುದು ಅವರಿಗೆ.