ವಾಡಿಯ ಕವಲು ದಾರಿಯೂ ವಿಮಾನದ ಟಿಕೆಟ್ಟೂ

1874ರಲ್ಲಿ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ರೈಲು ಶುರುವಾದಾಗ ಚಿತ್ತಾಪುರ, ಸೇಡಂ ಅದರ ದಾರಿಯಲ್ಲಿ ಸಿಕ್ಕವು. ಶಹಾಬಾದ್ ಅದಕ್ಕೂ ಮುಂಚೆಯೇ ಮುಂಬೈ–ಮದ್ರಾಸ್ ಮುಖ್ಯಮಾರ್ಗದ ಮೇಲಿತ್ತು. ಚಿಂಚೋಳಿಗೆ ಆಗಲೂ ರೈಲು ಬರಲಿಲ್ಲ, ಇಂದಿಗೂ ಬಂದಿಲ್ಲ. ಇಲ್ಲಿ ಮುಖ್ಯಮಾರ್ಗ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿಯದು, ವಾಡಿಯಲ್ಲಿ ಕವಲೊಡೆದದ್ದು ನಿಜಾಮರ ಸೀಮೆಯ ದಾರಿ. ಸೇಡಂನಲ್ಲಿ ಹತ್ತಿ ಮುಂಬೈಗೆ ಹೊರಟವನು ಕವಲು ದಾರಿಯಲ್ಲಿ ಕೂರುವುದು ಸ್ವಲ್ಪ ಹೊತ್ತು, ಉಳಿದ ಪಯಣವೆಲ್ಲ ಮುಖ್ಯಮಾರ್ಗದ್ದು. ಆದರೆ ಕವಲೇ ಇಲ್ಲದಿದ್ದರೆ ಅವನು ಮುಖ್ಯಮಾರ್ಗದ ಗಿರಾಕಿಯೇ ಆಗುತ್ತಿರಲಿಲ್ಲ. ಹಾಗಾದರೆ ಕವಲಿನ ನಷ್ಟ ಯಾರು ಹೊರಬೇಕು? ಇಲ್ಲಿ ಹೊತ್ತದ್ದು ನಿಜಾಮ್ ಸರ್ಕಾರ. 1883ರಲ್ಲಿ ಹುಟ್ಟಿದ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆಗೆ ಹಣ ಹೂಡಿದವರಿಗೆ ಬಡ್ಡಿಯ ಖಾತರಿ ಕೊಟ್ಟಿತು.

ಇದೇ ಪ್ರಶ್ನೆ ಈಗ ಸೇಡಂ ರಸ್ತೆಯಲ್ಲಿ ಇನ್ನೊಂದು ರೂಪದಲ್ಲಿ ನಿಂತಿದೆ. ಆ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿರುವ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ರನ್‌ವೇ 3 ಕಿ.ಮೀ.ಗೂ ಉದ್ದ. ಬಂದ ವಿಮಾನಗಳು ಮಾತ್ರ ಸಣ್ಣವು: ಸ್ಟಾರ್ ಏರ್‌ನ 50 ಸೀಟಿನ ಎಂಬ್ರೇಯರ್, ಆಮೇಲೆ ಅಲಯನ್ಸ್ ಏರ್‌ನ 70 ಸೀಟಿನ ಎಟಿಆರ್.

ಸಣ್ಣ ದೂರದ ಹಾರಾಟ ದುಬಾರಿ. ಭಾರವನ್ನೆಲ್ಲ ಹೊತ್ತು ಮೇಲೇರುವಾಗಲೇ ಇಂಜಿನ್ನು ಹೆಚ್ಚು ಇಂಧನ ಕುಡಿಯುತ್ತದೆ. ಏರಿ ಸಮವಾಗಿ ಹಾರಿ ಆ ಖರ್ಚನ್ನು ದೂರಕ್ಕೆ ಹಂಚೋಣವೆಂದರೆ ಅಷ್ಟರಲ್ಲಿ ಇಳಿಯುವ ಹೊತ್ತು. ಟೈರು, ಬ್ರೇಕು, ಚಕ್ರದ ಕಾಲುಗಳ ಆಯುಸ್ಸನ್ನು ಎಣಿಸುವುದು ಎಷ್ಟು ಸಲ ಏರಿ ಇಳಿಯಿತು ಎಂಬುದರ ಮೇಲೆ, ಎಷ್ಟು ದೂರ ಹಾರಿತು ಎಂಬುದರ ಮೇಲಲ್ಲ. ಸಾಮಾನು ತುಂಬುವ, ಜನರನ್ನು ಹತ್ತಿಸುವ ಹೊತ್ತೂ ಅಷ್ಟೇ. ಲಂಡನ್ನಿಗಾದರೂ ಬೆಂಗಳೂರಿಗಾದರೂ ಅದು ತಪ್ಪುವುದಿಲ್ಲ.

ಹೀಗಿದ್ದೂ ದೊಡ್ಡ ಕಂಪನಿಗಳು ಸಣ್ಣ ಹಾರಾಟವನ್ನು ಬಯಸುತ್ತವೆ. ಅಮೆರಿಕದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸ್ಕೈವೆಸ್ಟ್ ಎಂಬ ಕಂಪನಿಯ ಪೈಲಟ್‌ಗಳು ಯುನೈಟೆಡ್, ಡೆಲ್ಟಾ, ಅಮೆರಿಕನ್‌ಗಳ ಬಣ್ಣ ಬಳಿದ ವಿಮಾನ ಹಾರಿಸುತ್ತಾರೆ. ಟಿಕೆಟ್ ಮಾರುವುದು, ದರ ಕಟ್ಟುವುದು, ಇಂಧನದ ಖರ್ಚು ಹೊರುವುದು ಹೆಚ್ಚಾಗಿ ದೊಡ್ಡ ಕಂಪನಿಯೇ. ಸ್ಕೈವೆಸ್ಟ್‌ಗೆ ಹಾರಿದ ತಾಸು, ಹೊರಟ ಸಲಗಳ ಲೆಕ್ಕದಲ್ಲಿ ಹಣ ಬರುತ್ತದೆ, ಸೀಟು ಖಾಲಿ ಇದ್ದರೂ. ಮದುವೆಗೆ ಗೊತ್ತು ಮಾಡಿದ ಬಸ್ಸಿನ ಹಾಗೆ. ಈ ಹಾರಾಟವೊಂದನ್ನೇ ನೋಡಿದರೆ ದೊಡ್ಡ ಕಂಪನಿಗೆ ನಷ್ಟವಾಗಬಹುದು. ಅದರಿಂದ ಇಳಿದವನು ಸಾಗರ ದಾಟಲು ಆ ದೊಡ್ಡ ಕಂಪನಿಯದೇ ವಿಮಾನ ಹತ್ತಿದರೆ ಲೆಕ್ಕ ತಿರುಗುತ್ತದೆ.

ಇನ್ನೊಂದು ಪದ್ಧತಿ ಪಾಲು ಹಂಚಿಕೆ. ನನಗೆ ಇದೇ ಹೆಚ್ಚು ಸೊಗಸು. ಒಂದೇ ಟಿಕೆಟ್‌ನಲ್ಲಿ ಸಣ್ಣ ಕಂಪನಿಯ ವಿಮಾನದಲ್ಲಿ 400 ಕಿ.ಮೀ., ದೊಡ್ಡ ಕಂಪನಿಯದರಲ್ಲಿ 8,100 ಕಿ.ಮೀ. ಹೋದಿರಿ, ಕೊಟ್ಟದ್ದು 55,000 ರೂಪಾಯಿ ಎನ್ನಿ. ಕಲಬುರಗಿ–ಬೆಂಗಳೂರು–ಲಂಡನ್ ಹೆಚ್ಚುಕಡಿಮೆ ಇಷ್ಟೇ ಇದೆ. ದೂರದ ಪ್ರಕಾರ ಹಂಚಿದರೆ ಸಣ್ಣ ಕಂಪನಿಗೆ ಸುಮಾರು 2,600 ರೂಪಾಯಿ. ಇಂಧನಕ್ಕೂ ಸಾಲುವುದು ಅನುಮಾನ. ಅದಕ್ಕೇ ವಿಮಾನಯಾನದ ಹಂಚಿಕೆಯಲ್ಲಿ ದೂರದ ವರ್ಗಮೂಲ ಹಿಡಿಯುವ ರೂಢಿಯಿದೆ. 400ರ ವರ್ಗಮೂಲ 20, 8,100ರದ್ದು 90. ಒಟ್ಟು 110ರಲ್ಲಿ 20 ಪಾಲು ಎಂದರೆ ಸರಿಯಾಗಿ 10,000 ರೂಪಾಯಿ. ದೂರ ನಾಲ್ಕು ಪಟ್ಟಾದರೆ ಪಾಲು ಎರಡೇ ಪಟ್ಟು. ಏರಿ ಇಳಿಯುವ ಖರ್ಚನ್ನು ಶಾಲೆಯ ಗಣಿತ ಹೀಗೆ ತೂಗುತ್ತದೆ. ನಿಜವಾದ ಒಪ್ಪಂದಗಳಲ್ಲಿ ಚೌಕಾಸಿ ಇದ್ದೇ ಇರುತ್ತದೆ, ಅದು ಬೇರೆ ಮಾತು.

ನಮ್ಮಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಮೂರನೆಯ ದಾರಿ ಹಿಡಿಯಿತು. ಮುಖ್ಯ ಮಾರ್ಗಗಳ ಒಂದೊಂದು ಹಾರಾಟದ ಮೇಲೂ ಸಾವಿರಾರು ರೂಪಾಯಿ ಸುಂಕ. ಆ ನಿಧಿ ಮತ್ತು ರಾಜ್ಯ ಸರ್ಕಾರದ ಪಾಲು ಸೇರಿ ಸಣ್ಣ ಊರಿನ ಹಾರಾಟದ ನಷ್ಟ ತುಂಬುತ್ತವೆ. ಅಂದರೆ ಇಲ್ಲಿಯೂ ಕವಲಿಗೆ ಮುಖ್ಯಮಾರ್ಗವೇ ದುಡ್ಡು ಕೊಡುತ್ತದೆ, ಆದರೆ ಪ್ರಯಾಣಿಕ ಅದರ ವಿಮಾನ ಹತ್ತಬೇಕೆಂಬ ನಂಟಿಲ್ಲ. ಸಹಾಯ ಮೂರು ವರ್ಷಕ್ಕೆ ಮಾತ್ರ. 2023ರ ಸಿಎಜಿ ವರದಿಯ ಪ್ರಕಾರ, ಮೊದಲ ಮೂರು ಸುತ್ತುಗಳಲ್ಲಿ ಕೊಟ್ಟ 774 ಮಾರ್ಗಗಳಲ್ಲಿ ಶುರುವಾದವು 371, ಮೂರು ವರ್ಷ ಪೂರೈಸಿದವು 112, ಅದರಾಚೆಗೂ ಉಳಿದವು 54.

ಅಲಯನ್ಸ್ ಏರ್‌ಗೆ ಒಂದು ಕಾಲದಲ್ಲಿ ಆ ನಂಟಿತ್ತು. ಅದು ಏರ್ ಇಂಡಿಯಾದ ಮನೆಯದೇ ಕಂಪನಿ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಪಾಲಾಯಿತು, ಅಲಯನ್ಸ್ ಸರ್ಕಾರದ ಬಳಿ ಉಳಿಯಿತು. ಮುಖ್ಯಮಾರ್ಗವೂ ಕವಲೂ ಬೇರೆ ಮನೆಯಾದವು. ಸೇಡಂ, ಚಿಂಚೋಳಿಯವರಿಗೆ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ರಸ್ತೆಯಲ್ಲೇ ಮೂರ್ನಾಲ್ಕು ತಾಸು, ಅಲ್ಲಿಂದ ವಿದೇಶಕ್ಕೆ ನೇರ ವಿಮಾನಗಳಿವೆ. ಇತ್ತ ಕಲಬುರಗಿಯಿಂದ ಬೆಂಗಳೂರಿಗೊಂದು, ಮುಂದಕ್ಕೊಂದು ಎಂದು ಬೇರೆಬೇರೆ ಟಿಕೆಟ್ ಕೊಂಡವರ ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿ ಕಾಯುವುದಿಲ್ಲ. ಟಿಕೆಟ್ಟಿನ ದುಡ್ಡೂ ಸಾಮಾನ್ಯವಾಗಿ ಹೋದಂತೆಯೇ.